ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಒಡೆದಿದ್ದು ಯಾವಾಗ? ಒಡೆದೇ ಇಲ್ಲ ಕಣ್ರೀ!

ಪ್ರಶ್ನೆ: ಮೇಡಂ, ನೀವು ಹೇಳಿದ್ರಲ್ಲ ಆ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಡಾಕ್ಯುಮೆಂಟರಿ, ಈ ಭಾನುವಾರ ನೋಡೋಣ ಅಂತಿದೀನಿ. ಅವ್ರು ಯಾವಾಗ ಒಡೆದೋದ್ರು, ಮತ್ತೆ ಯಾವಾಗ ಒಂದಾದ್ರು ಅಂತ ಮೊದ್ಲೇ ಹೇಳ್ಬಿಟ್ರೆ ನೋಡೋಕೆ ಸುಲಭ ಆಗುತ್ತೆ.

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಅಂತ ಎಣಿಸೋದನ್ನೇ ಬಿಟ್ಟಿದೀನಿ. ಕುವೆಂಪುನಗರದಲ್ಲಿ ನನ್ನ ಹಾಡಿನ ಕ್ಲಾಸಿಗೆ ಮಕ್ಕಳನ್ನ ಬಿಡೋಕೆ ಬರೋ ಅಪ್ಪಅಮ್ಮಂದಿರೆಲ್ಲ ನನ್ನ ವಯಸ್ಸಿನೋರೇ, ಸ್ಕೂಟರ್ ಆಫ್ ಕೂಡ ಮಾಡದೆ ಗೇಟ್ ಹತ್ರಾನೇ ಇದನ್ನ ಕೇಳ್ತಾರೆ, ಮಂಡ್ಯದಲ್ಲಿರೋ ನಮ್ಮಕ್ಕ ಫೋನಲ್ಲಿ ಕೇಳ್ತಾಳೆ, ಅವಳಿಗಂತೂ ಮೂರು ಸಲ ಹೇಳಿದೀನಿ. ಇನ್ನೊಂದ್ಸಲ ಹೇಳ್ತೀನಿ ಕೇಳಿ. ಒಡೆದಿಲ್ಲ. 1993ರ ಏಪ್ರಿಲಲ್ಲಿ ಅಮೆರಿಕದ ಫ್ಲೋರಿಡಾದ ಒರ್ಲ್ಯಾಂಡೋದಲ್ಲಿ ಈ ಪಾಪ್ ಹಾಡಿನ ಗುಂಪು ಶುರುವಾದಾಗ ಯಾವ ಐದು ಜನ ಇದ್ರೋ, ನಿಕ್, ಬ್ರಯಾನ್, ಕೆವಿನ್, ಹೋವೀ, ಎಜೆ, ಅದೇ ಐದು ಜನ 2023ರ ಮೇನಲ್ಲಿ ಮುಂಬೈಗೂ ಬಂದಿದ್ರು, 2025ರಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಅನ್ನೋ ದೊಡ್ಡ ಸಭಾಂಗಣದಲ್ಲೂ ಹಾಡಿದ್ರು.

ಇಷ್ಟು ಹೇಳಿದ್ರೆ ಮುಗೀಬೇಕು. ಮುಗಿಯಲ್ಲ. ತಕ್ಷಣ ಬರುತ್ತೆ ನೋಡಿ, "ಇಲ್ಲ ಮೇಡಂ, ಜಸ್ಟಿನ್ ಬಿಟ್ಟೋದ್ನಲ್ಲ?" ಅಯ್ಯೋ ಅವನು ಜಸ್ಟಿನ್ ಟಿಂಬರ್‌ಲೇಕ್, ಎನ್‌ಸಿಂಕ್ ಅನ್ನೋ ಬೇರೆ ಗುಂಪಿನೋನು! ಅದೂ ಒರ್ಲ್ಯಾಂಡೋದ್ದೇ, ಅದರ ಹಿಂದಿದ್ದೋನೂ ಇವರ ಮ್ಯಾನೇಜರ್ ಲೂ ಪರ್ಲ್‌ಮನ್ನೇ, ಅಲ್ಲೂ ಐದು ಹುಡುಗ್ರು, ಎಲ್ಲರ ತಲೆಗೂ ಅದೇ ಜೆಲ್ಲು, ಗೊಂದಲ ಆಗೋದು ಸಹಜ. 2002ರಲ್ಲಿ ನಿಂತೋಗಿದ್ದು ಅವರ ಗುಂಪು. ಪಕ್ಕದ ಮನೆ ಗಲಾಟೆನ ಈ ಮನೆ ಖಾತೆಗೆ ಬರೆದ್ರೆ ಹೆಂಗೆ?

ಎರಡನೇ ಸಾಕ್ಷಿ ನಿಕ್ ಕಾರ್ಟರ್ ಸೋಲೋ ಆಲ್ಬಂ. ಹೌದು, 2002ರಲ್ಲೇ ಬಂತು, ಗುಂಪು ಆಗ ರಜಾದಲ್ಲಿತ್ತು. ಅದಕ್ಕೆ ಮುಂಚೆ 2001ರಲ್ಲಿ ಎಜೆ ಕುಡಿತ ಬಿಡಿಸೋ ಚಿಕಿತ್ಸೆಗೆ ಹೋಗಿದ್ದ, ಟೂರು ನಿಲ್ಲಿಸಿ ಕಾದಿದ್ರು. 2005ರಲ್ಲಿ ಮತ್ತೆ ಆಲ್ಬಂ ಬಂತು, ಹೆಸರೇ ನೆವರ್ ಗಾನ್, ನಾವೆಲ್ಲೂ ಹೋಗೇ ಇರ್ಲಿಲ್ಲ ಅಂತ. ಆಲ್ಬಂ ಮೇಲೇ ಬರೆದುಕೊಟ್ರೂ ನಮ್ಮೋರು ನಂಬಲಿಲ್ಲ.

ಮೂರನೇದು ಕೆವಿನ್. ಇದೊಂದು ಸ್ವಲ್ಪ ಗಟ್ಟಿ ಪಾಯಿಂಟು, ಒಪ್ಕೋತೀನಿ. ಕೆವಿನ್ ರಿಚರ್ಡ್‌ಸನ್ 2006ರಲ್ಲಿ ಹೊರಗೆ ಹೋದ, 2012ರಲ್ಲಿ ವಾಪಸ್ ಬಂದ. ಆದ್ರೆ ನಮ್ಮ ಮಂಡ್ಯ ಕಡೆ ಕೇಳ್ನೋಡಿ, ಅಣ್ಣತಮ್ಮಂದಿರು ಪಾಲಾಗೋದು ಅಂದ್ರೆ ಒಲೆ ಬೇರೆ ಆಗ್ಬೇಕು, ಪಂಚಾಯ್ತಿ ಕೂರ್ಬೇಕು, ಗದ್ದೆ ಮಧ್ಯೆ ಬದು ಬೀಳ್ಬೇಕು. ಒಬ್ಬ ಹೆಂಡ್ತಿಮಕ್ಕಳು ಅಂತ ನಾಲ್ಕೈದು ವರ್ಷ ಬೇರೆ ಊರಲ್ಲಿದ್ರೆ ಅದನ್ನ ಪಾಲು ಅಂತಾರಾ? ಇವನದ್ದೂ ಅಷ್ಟೇಯ. ಉಳಿದ ನಾಲ್ವರು ಅವನ ಜಾಗಕ್ಕೆ ಇನ್ನೊಬ್ಬನ್ನ ತಂದು ನಿಲ್ಲಿಸಲೇ ಇಲ್ಲ, ನಾಲ್ಕೇ ಜನ 2007ರಲ್ಲಿ ಒಂದು, 2009ರಲ್ಲಿ ಇನ್ನೊಂದು ಆಲ್ಬಂ ಮಾಡಿದ್ರು, ಜಾಗ ಖಾಲಿ ಇಟ್ಕೊಂಡೇ ಹಾಡಿದ್ರು. ಜೊತೆಗೆ ಕೆವಿನ್ನೂ ಬ್ರಯಾನೂ ಕೆಂಟಕಿ ಕಡೆ ಕಸಿನ್‌ಗಳು, ಎಲ್ಲಿಗೋಗ್ತಾನೆ ಹೇಳಿ.

ನಾಲ್ಕನೇದು ಕೇಳಿ ನಗು ಬಂತು. "ಅವ್ರೇ ಹಾಡಲ್ಲಿ ಬ್ಯಾಕ್‌ಸ್ಟ್ರೀಟ್ ಈಸ್ ಬ್ಯಾಕ್ ಅಂದಿದಾರಲ್ಲ, ಹೋಗದೆ ಹೆಂಗ್ ವಾಪಸ್ ಬಂದ್ರು?" ಸ್ವಾಮಿ, ಆ ಹಾಡು 1997ರದ್ದು. ಎರಡನೇ ಆಲ್ಬಂ. ಅಮೆರಿಕದಲ್ಲಿ ಆಗಿನ್ನೂ ಸರಿಯಾಗಿ ಬಂದೇ ಇರ್ಲಿಲ್ಲ, ಜರ್ಮನಿಯಲ್ಲಿ ಮೊದ್ಲು ಗೆದ್ದು ಆಮೇಲೆ ಸ್ವಂತ ಊರಲ್ಲಿ ಹೆಸರು ಮಾಡಿದ ಗುಂಪದು.

ನನ್ನ ಕೇಳಿದ್ರೆ ಒಡೆದಿದ್ದು ನಮ್ಮ ಕಡೆ ದಾರಿ. ಹೈಸ್ಕೂಲಲ್ಲಿ ಶಿವರಾಂಪೇಟೆಗೆ ಹೋಗಿ ದುಡ್ಡು ಕೂಡಿಸಿ ಕ್ಯಾಸೆಟ್ ತರ್ತಿದ್ವಿ, ಮೂರು ಜನಕ್ಕೆ ಒಂದೇ ಕ್ಯಾಸೆಟ್ಟು, ವಾರಕ್ಕೊಬ್ಬರ ಮನೆ. ಆಮೇಲೆ ಎಂಟಿವಿ, ಚಾನೆಲ್ ವಿ ಎರಡೂ ಹಿಂದಿ ಹಾಡಿನ ಕಡೆ ವಾಲಿದ್ವು, ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿ ಆದ್ವು, ನಾವು ಪಿಯುಸಿ ಸಿಇಟಿ ಅಂತ ಓಡಿದ್ವಿ. ಅವ್ರು ನಮ್ಮ ಕಣ್ಣಿಗೆ ಕಾಣಿಸ್ಲಿಲ್ಲ, ನಾವು ಅವ್ರೇ ಇಲ್ಲ ಅಂತ ತೀರ್ಮಾನ ಮಾಡಿದ್ವಿ.

ಸರಿ, ಡಾಕ್ಯುಮೆಂಟರಿಗೆ ಬರೋಣ, ನೀವು ಕೇಳಿದ್ದು ಅದೇ ತಾನೆ. ಹೆಸರು ಶೋ ಎಮ್ ವಾಟ್ ಯು ಆರ್ ಮೇಡ್ ಆಫ್, 2015ರ ಜನವರಿಯಲ್ಲಿ ಬಂದಿದ್ದು. ಕೆವಿನ್ ವಾಪಸ್ ಬಂದ್ಮೇಲೆ ಐದು ಜನ ಲಂಡನ್ನಲ್ಲಿ ಒಂದೇ ಮನೆ ಹಿಡಿದು ಹೊಸ ಆಲ್ಬಂ ಮಾಡೋದು, ಮಧ್ಯಮಧ್ಯ ಒಬ್ಬೊಬ್ಬರೂ ಹುಟ್ಟಿದೂರಿಗೆ ಹೋಗಿ ಬರೋದು. ಸ್ಟುಡಿಯೋ ಭಾಗ ಸ್ವಲ್ಪ ಎಳೀತಾರೆ, ಅಲ್ಲಿ ಬೇಕಾದ್ರೆ ಎದ್ದು ಕಾಫಿ ಮಾಡ್ಕೊಳ್ಳಿ. ಊರಿನ ಭಾಗ ಮಾತ್ರ ಬಿಡ್ಬೇಡಿ. ಐವರೂ ಬೆಳೆದು ದೊಡ್ಡವರಾದ ಗಂಡಸರು, ಹಳೇ ಜಾಗದಲ್ಲಿ ನಿಂತ ಕೂಡ್ಲೇ ಮುಖಾನೇ ಬದಲಾಗುತ್ತೆ.

ಲೂ ಪರ್ಲ್‌ಮನ್ ಯಾರು ಅಂತ ಮಾತ್ರ ಮೊದ್ಲೇ ತಿಳ್ಕೊಂಡಿರಿ, ಇಲ್ಲಾಂದ್ರೆ ಅರ್ಧ ಸಿನಿಮಾ ಅರ್ಥ ಆಗಲ್ಲ. ಹುಡುಗರನ್ನ ಆರಿಸಿ ಗುಂಪು ಕಟ್ಟಿದ ಮ್ಯಾನೇಜರ್ ಅವನು, ವಿಮಾನ, ಜಾಹೀರಾತು ಹೊತ್ತು ಹಾರೋ ಬ್ಲಿಂಪು ಅನ್ನೋ ದೊಡ್ಡ ಬಲೂನು ಬಾಡಿಗೆಗೆ ಕೊಡೋ ಬಿಸಿನೆಸ್ಸಿನೋನು. ಮ್ಯಾನೇಜರ್ ಕಮಿಷನ್ನೂ ತಗೊಂಡ, ಸಾಲದು ಅಂತ ಅಗ್ರಿಮೆಂಟಲ್ಲಿ ತಾನೂ ಗುಂಪಿನ ಆರನೇ ಸದಸ್ಯ ಅಂತ ಬರ್ಕೊಂಡಿದ್ದ! ಕಬ್ಬು ಬೆಳೆದೋರು ಐದು ಜನ, ತೂಕ ಹಾಕೋನು ಅವನು, ಚೀಟಿ ಬರಿಯೋನು ಅವನು, ಕೊನೆಗೆ ಬೆಳೆದೋರ ಲೆಕ್ಕದಲ್ಲೂ ಅವನಿಗೊಂದು ಪಾಲು. ಮೊದಲು ಅನುಮಾನ ಬಂದು ಲಾಯರ್ ಹಿಡಿದಿದ್ದು ಬ್ರಯಾನ್. 1998ರಲ್ಲಿ ಅವನಿಗೆ ಹಾರ್ಟ್ ಆಪರೇಷನ್, ಅದನ್ನೂ ಟೂರಿಗೋಸ್ಕರ ಮುಂದೂಡಿ ಆಮೇಲೆ ಮಾಡಿಸಿದ್ದು. ಅದೇ ವರ್ಷ ಹೋವೀ ಅಕ್ಕ ಲೂಪಸ್ ಕಾಯಿಲೆಯಿಂದ ತೀರ್ಕೊಂಡ್ರು. ಅದರ ಮುಂದಿನ ವರ್ಷವೇ ಬಂದ ಆಲ್ಬಂ ಅಮೆರಿಕದಲ್ಲಿ ಮೊದಲ ವಾರಕ್ಕೇ 11 ಲಕ್ಷ ದಾಟಿ ಮಾರಾಟ ಆಯ್ತು, ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪರ್ಲ್‌ಮನ್ ಕಥೆ ಅಲ್ಲಿಗೆ ಮುಗೀಲಿಲ್ಲ. ಇಲ್ಲದ ವಿಮಾನ ಕಂಪನಿ ತೋರಿಸಿ ವಯಸ್ಸಾದವರ ಉಳಿತಾಯಾನೆಲ್ಲ ನುಂಗಿದ್ದ, ಒಬ್ಬರ ದುಡ್ಡು ಇನ್ನೊಬ್ಬರಿಗೆ ಬಡ್ಡಿ ಅಂತ ಕೊಡೋ ಆಟ, ಒಟ್ಟು 30 ಕೋಟಿ ಡಾಲರ್‌ಗೂ ಮೇಲೆ. 2007ರಲ್ಲಿ ಇಂಡೊನೇಷ್ಯಾದಲ್ಲಿ ಸಿಕ್ಕಿಬಿದ್ದ, 2008ರಲ್ಲಿ 25 ವರ್ಷ ಶಿಕ್ಷೆ. ಜಡ್ಜು ಏನಂದ್ರು ಗೊತ್ತಾ, 10 ಲಕ್ಷ ಡಾಲರ್ ವಾಪಸ್ ಕೊಟ್ರೆ ಒಂದು ತಿಂಗಳು ಶಿಕ್ಷೆ ಕಮ್ಮಿ ಮಾಡ್ತೀನಿ ಅಂದ್ರು. 2016ರಲ್ಲಿ ಸೆರೆಯಲ್ಲೇ ಸತ್ತ.

ಇನ್ನೊಂದು, ಇದನ್ನ ಯಾರೂ ಕೇಳಿಲ್ಲ, ಆದ್ರೆ ನಾನು ಹಾಡು ಹೇಳ್ಕೊಡೋಳು, ಸುಮ್ನಿರೋಕಾಗಲ್ಲ. ಸಿನಿಮಾದಲ್ಲಿ ನಿಕ್‌ಗೂ ಬ್ರಯಾನ್‌ಗೂ ಜೋರು ಜಗಳ ಇದೆ, ನೋಡಿದೋರು "ಹಾ, ಇವಾಗ ಒಡೀತು" ಅಂತಾರೆ. ಅದು ಬ್ರಯಾನ್ ಗಂಟಲಿನ ವಿಷಯಕ್ಕೆ. ಗುಂಪಿನ ಮುಖ್ಯ ಗಂಟಲೇ ಅವನದು, ಅವನಿಗೆ ಮಸಲ್ ಟೆನ್ಷನ್ ಡಿಸ್ಫೋನಿಯಾ ಅನ್ನೋ ತೊಂದರೆ. ಅಂದ್ರೆ ಗಂಟಲೊಳಗಿನ ತಂತಿ ಹರಿದಿದೆ ಅಂತಲ್ಲ, ಅದರ ಸುತ್ತ ಇರೋ ಸ್ನಾಯುಗಳು ಅತಿಯಾಗಿ ಬಿಗಿದು ಹಿಡಿಯೋದು, ಆಗ ಸ್ವರ ಬೇಕಾದಲ್ಲಿ ನಿಲ್ಲಲ್ಲ, ಒಡಕಲು ಬರುತ್ತೆ, ನಿನ್ನೆ ಬಂದ ಸ್ವರ ಇವತ್ತು ಬರಲ್ಲ. ದಿನಕ್ಕೆ ಆರು ಪೀರಿಯಡ್ ಕೂಗೋ ಟೀಚರ್‌ಗಳಿಗೂ ಬರುತ್ತೆ ಇದು, ನನ್ನ ಹತ್ರಾನೇ ಇಬ್ಬರು ಹಂಗೆ ಬಂದಿದ್ರು, ಮೊದ್ಲು ಇಎನ್‌ಟಿ ಡಾಕ್ಟರ್‌ಗೆ ತೋರಿಸಿ ಆಮೇಲೆ ಬನ್ನಿ ಅಂತ ಕಳಿಸಿದೆ. ಕಾಳುಮೆಣಸಿನ ಕಷಾಯಕ್ಕೆ ಹೋಗೋದಲ್ಲ ಇದು. ಪಿಸುಪಿಸು ಮಾತಾಡಿದ್ರೆ ಗಂಟಲಿಗೆ ರೆಸ್ಟು ಅಂದ್ಕೊಂಡಿದ್ರೆ ಅದೂ ತಪ್ಪು, ಇನ್ನೂ ಬಿಗಿಯೋ ಸಾಧ್ಯತೆನೇ ಜಾಸ್ತಿ.

ಹಾಡೋರಿಗೆ ಇದಕ್ಕಿಂತ ನಾಚಿಕೆ ವಿಷಯ ಇನ್ನೊಂದಿಲ್ಲ, ಯಾರೂ ಬಾಯಿಬಿಡಲ್ಲ, ಜೊತೆಯೋರೂ ಗೊತ್ತಿಲ್ಲದಂಗೆ ಇರ್ತಾರೆ. ಇಲ್ಲಿ ಹನ್ನೆರಡು ಹದಿಮೂರು ವಯಸ್ಸಿಂದ ಬ್ರಯಾನ್ ಪಕ್ಕದಲ್ಲೇ ಹಾಡ್ಕೊಂಡು ಬೆಳೆದ ನಿಕ್ ಕ್ಯಾಮೆರಾ ಮುಂದೇನೇ ಕೂಗಾಡಿಬಿಟ್ಟ. ಒರಟಾಗೇ ಹೇಳಿದ, ಇಲ್ಲ ಅನ್ನಲ್ಲ. ಆದ್ರೆ ಆಮೇಲೂ ಬ್ರಯಾನ್‌ನ ಹಿಂದಿನ ಸಾಲಿಗೆ ತಳ್ಳಲಿಲ್ಲ, 2019ರಲ್ಲಿ ಅದೇ ಗಂಟಲು ಇಟ್ಕೊಂಡೇ ಮಾಡಿದ ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಈಗಿನ ಲೈವ್ ವಿಡಿಯೋ ಹಾಕ್ಕೊಂಡು ಕೇಳಿ, ಬ್ರಯಾನ್ ಸ್ವರ ಎಲ್ಲಿ ಜಾರುತ್ತೋ ಅಲ್ಲಿ ಬೇರೆಯವರ ಹಾರ್ಮನಿ, ಅಂದ್ರೆ ಜೊತೆಸ್ವರ, ಹೆಂಗೆ ಕೆಳಗಿಂದ ಬಂದು ಹಿಡ್ಕೊಳ್ಳುತ್ತೆ ಅಂತ. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಫೋನ್ ಸ್ಪೀಕರಲ್ಲಿ ಗೊತ್ತಾಗಲ್ಲ.