ಈ ಸಲ ಮಳೆ ಹೇಗೆ? ಪಂಚಾಂಗದಿಂದ ಸೂಪರ್ ಕಂಪ್ಯೂಟರ್‌ವರೆಗೆ ಒಂದು ಪ್ರಶ್ನೆಯ ಹಾದಿ

ಯುಗಾದಿ ಹೊತ್ತಿಗೆ ನಮ್ಮಲ್ಲಿ ಮಳೆ ಭವಿಷ್ಯಗಳ ಸುಗ್ಗಿ. ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ನಡೆಯುತ್ತದೆ. ಮೈಲಾರದ ಕಾರ್ಣಿಕ ಅಷ್ಟರಲ್ಲಾಗಲೇ ವಾಟ್ಸಾಪ್‌ನಲ್ಲಿ ಊರೂರು ಸುತ್ತಿರುತ್ತದೆ. ಟೀವಿಯಲ್ಲಿ ಜ್ಯೋತಿಷಿಗಳು ಕೂತಿರುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಭಾರತೀಯ ಹವಾಮಾನ ಇಲಾಖೆ ಶೇಕಡಾ ಲೆಕ್ಕ ಹಿಡಿದು ಬರುತ್ತದೆ. ಜುಲೈನಲ್ಲಿ ಮಳೆ ಕೈಕೊಟ್ಟರೆ ಇವರೆಲ್ಲರ ಮೇಲೂ ಒಂದೇ ಮಾತು: 'ಯಾರಿಗೂ ಏನೂ ಗೊತ್ತಿಲ್ಲ, ಸುಮ್ನೆ ಹೇಳ್ತಾರೆ.'

ಆದರೆ ಇವರೆಲ್ಲ ಹೇಳುತ್ತಿರುವುದು ಒಂದೇ ಬಗೆಯ ಮಾತಲ್ಲ. ಆ ವ್ಯತ್ಯಾಸ ಹಿಡಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆರನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಮೋಡ ಗರ್ಭ ಕಟ್ಟುತ್ತದೆ ಎಂದ. ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಹೆರಿಗೆಯಾಗುತ್ತದೆ ಎಂದು ಲೆಕ್ಕ ಕೊಟ್ಟ. ವಿಜ್ಞಾನದ ಕಣ್ಣಿಗೆ ಇದು ನಿಲ್ಲುವುದಿಲ್ಲ, ನಿಜ. ಆದರೂ ನನಗೆ ಅವನ ಮೇಲೆ ಗೌರವ. ದಿನ ಗುರುತು ಮಾಡಿಟ್ಟುಕೊಂಡು ಸರಿಯೋ ತಪ್ಪೋ ನೋಡಬಹುದಾದ ಮಾತು ಅದು. ಈಗಿನ ಎಷ್ಟೋ ಭವಿಷ್ಯಗಳಿಗೆ ಆ ಧೈರ್ಯ ಇಲ್ಲ.

ಮಳೆ ನಕ್ಷತ್ರಗಳದ್ದು ಬೇರೆಯೇ ದಾರಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬಂದದ್ದು ಆ ಹೆಸರಿನ ಮಳೆ. ಭರಣಿ ಸುರಿದರೆ ಧರಣಿ ಬದುಕೀತು. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಇವು ಯಾವುವೂ ಈ ವರ್ಷ ಮಳೆ ಬರುತ್ತದೆ ಎಂದು ಹೇಳುವುದಿಲ್ಲ. ಬಂದರೆ ಏನಾಗುತ್ತದೆ, ಬರದಿದ್ದರೆ ಏನಾಗುತ್ತದೆ ಎಂದಷ್ಟೇ ಹೇಳುತ್ತವೆ. ತಲೆಮಾರುಗಳ ಬೇಸಾಯದ ಅನುಭವವನ್ನು ನೆನಪಿಡಲು ಮಾಡಿಕೊಂಡ ಕ್ಯಾಲೆಂಡರ್ ಅದು. ಒಂದೇ ತೊಡಕು: ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ವರಾಹಮಿಹಿರನ ಕಾಲದ ಆರಿದ್ರೆಗೂ ಇವತ್ತಿನ ಆರಿದ್ರೆಗೂ ಹತ್ತಿರಹತ್ತಿರ ಮೂರು ವಾರದ ಅಂತರ ಬಿದ್ದಿದೆ.

ಪಂಚಾಂಗದ ವರ್ಷಫಲ ಹಾಗಲ್ಲ. ಅದು ನೇರವಾಗಿ ಭವಿಷ್ಯ ಹೇಳುತ್ತದೆ. ಇಂತಿಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂದು ಪಾಲು ಹಾಕುತ್ತದೆ. ಮೇಘಾಧಿಪತಿ, ಅಂದರೆ ಆ ವರ್ಷದ ಮಳೆಗೆ ಒಡೆಯನಾದ ಗ್ರಹ, ಯಾರು ಎಂದು ಹೇಗೆ ಗೊತ್ತಾಗುತ್ತದೆ? ಸೂರ್ಯ ಆರಿದ್ರೆಗೆ ಕಾಲಿಡುವ ದಿನ ಯಾವ ವಾರವೋ ಆ ವಾರದ ಗ್ರಹವೇ ಮೇಘಾಧಿಪತಿ. ಸೋಮವಾರವಾದರೆ ಚಂದ್ರ, ಮಂಗಳವಾರವಾದರೆ ಕುಜ. ಅಂದರೆ ಮುಂದಿನ ನೂರು ವರ್ಷದ ಮೇಘಾಧಿಪತಿಗಳ ಪಟ್ಟಿಯನ್ನು ಇವತ್ತೇ ಕೂತು ಬರೆಯಬಹುದು. ಆಕಾಶದ ಕಡೆ ನೋಡಲೇಬೇಕಾಗಿಲ್ಲ.

ಮೈಲಾರದ ಕಾರ್ಣಿಕ ಇನ್ನೊಂದು ಬಗೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಗೊರವಪ್ಪ ಎತ್ತರದ ಬಿಲ್ಲು ಏರಿ 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಗೇ ತೆಪ್ಪಗಾಗುತ್ತಾರೆ. ಒಂದೇ ಒಂದು ಸಾಲು ನುಡಿದು ಅವನು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಬಂದ ನುಡಿ 'ಮುತ್ತಿನ ರಾಶಿ ಮೂರು ಪಾಲಾತಲೇ ಪರಾಕ್'. ಇದು ಬೆಳೆಯ ಮಾತೂ ಆಗಬಹುದು, ವಿಧಾನಸೌಧದ ಮಾತೂ ಆಗಬಹುದು. ವರ್ಷ ಕಳೆದ ಮೇಲೆ ಹೇಗೆ ಬೇಕಾದರೂ ಕೂರಿಸಬಹುದು. ಕಾವ್ಯವಾಗಿ ನನಗೆ ಬಹಳ ಇಷ್ಟ. ಬಿತ್ತನೆಗೆ ಸಾಲ ಮಾಡುವ ಮುಂಚೆ ಕೇಳುವ ಮಾತಾಗಿ, ಅಷ್ಟಿಲ್ಲ.

ಜ್ಯೋತಿಷ್ಯವನ್ನು ಎಣಿಸಿ ನೋಡಿದ ಪ್ರಯತ್ನ ನಮ್ಮ ದೇಶದಲ್ಲಿ ಆಗಿಲ್ಲವೆಂದಲ್ಲ. ಮಳೆಯ ಬಗ್ಗೆ ಅಲ್ಲ, ಜಾತಕದ ಬಗ್ಗೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಪುಣೆಯಲ್ಲಿ ಒಂದು ಪರೀಕ್ಷೆ ಇಟ್ಟರು. ಓದಿನಲ್ಲಿ ಚುರುಕಾದ ಮಕ್ಕಳು, ಬುದ್ಧಿಮಾಂದ್ಯ ಮಕ್ಕಳು, ಇಬ್ಬರ ಜಾತಕಗಳನ್ನೂ ಬೆರೆಸಿ ಯಾವುದು ಯಾರದು ಹೇಳಿ ಎಂದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಶೇ. 46 ಸರಿ. ನಾಣ್ಯ ಚಿಮ್ಮಿದ್ದರೂ ಶೇ. 50ರ ಹತ್ತಿರ ಬರುತ್ತಿತ್ತು.

ಈಗ ವಿಜ್ಞಾನದ ಕಡೆ ಬರೋಣ. ಅದರ ದಾಖಲೆಯೂ ಬಹಳ ಕಾಲ ಹೆಮ್ಮೆಪಡುವಂತೇನೂ ಇರಲಿಲ್ಲ.

ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಧಾತು, ಈಶ್ವರ ಸಂವತ್ಸರಗಳ ಮಹಾಬರ ಬಂತು. ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಸತ್ತರು. ಹಿಮಾಲಯದಲ್ಲಿ ಹಿಮ ಜಾಸ್ತಿಯಾದರೆ ಮುಂಗಾರು ಕಡಿಮೆ ಎಂಬ ಸುಳಿವು ಹಿಡಿದು ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ 1886ರಿಂದ ಮುನ್ಸೂಚನೆ ಕೊಡತೊಡಗಿದರು. ನಂತರ ಬಂದ ಎಲಿಯಟ್ 1899ರಲ್ಲಿ ಹೆಚ್ಚು ಮಳೆ ಎಂದರು, ಭೀಕರ ಬರ ಬಂತು. ಪತ್ರಿಕೆಗಳು ಹರಿಹಾಯ್ದವು. ಕೆಲವು ವರ್ಷ ಮುನ್ಸೂಚನೆಯನ್ನೇ ಗುಟ್ಟಾಗಿಟ್ಟರು.

1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಹವಾಮಾನ ಓದಿದವರಲ್ಲ, ಕೇಂಬ್ರಿಜ್‌ನ ಗಣಿತಜ್ಞ. ಬೂಮರಾಂಗ್ ಎಸೆಯುವುದು ಅವರ ಹುಚ್ಚು. ಯಾಕೆ ಮಳೆ ಬರುತ್ತದೆ ಎಂಬ ತಲೆಬಿಸಿ ಬಿಟ್ಟು, ಲೋಕದ ಮೂಲೆಮೂಲೆಯ ಒತ್ತಡ, ಉಷ್ಣತೆಗಳ ಅಂಕಿ ತರಿಸಿ, ಗುಮಾಸ್ತರಿಂದ ಕೈಲೆಕ್ಕ ಮಾಡಿಸಿದರು. ಪೆಸಿಫಿಕ್‌ನಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ ಎಂಬ ತೂಗುಯ್ಯಾಲೆ ಸಿಕ್ಕಿತು. ಎಲ್ ನಿನೊ (ಪೆಸಿಫಿಕ್ ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗುವುದು) ಎಂದು ಇವತ್ತು ನಾವು ದಿನಾ ಕೇಳುವ ಕಥೆಯ ಅರ್ಧ ಭಾಗ ಅದು. ಉಳಿದರ್ಧ ಜೋಡಿಸಲು 1960ರ ದಶಕದ ಕೊನೆವರೆಗೆ ಕಾಯಬೇಕಾಯಿತು.

ನಿಜವಾದ ಗೋಜಲು ಶುರುವಾಗುವುದು 1988ರಲ್ಲಿ. ಹಿಂದಿನ ವರ್ಷ ದೊಡ್ಡ ಬರ ಬಿದ್ದಿತ್ತು. ವಿಜ್ಞಾನಿ ವಸಂತ ಗೋವಾರಿಕರ್ ಅವರ ತಂಡ ಹದಿನಾರು ಸೂಚಕಗಳ ಹೊಸ ಮಾದರಿ ಕಟ್ಟಿತು. ಹಿಮಾಲಯದ ಹಿಮ, ಎಲ್ ನಿನೊ, ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಒತ್ತಡ, ಉತ್ತರ ಭಾರತದ ಮಾರ್ಚ್ ಉಷ್ಣತೆ, ಹೀಗೆ. ಮೊದಲ ವರ್ಷವೇ ಸರಿಬಂತು. ಮರುವರ್ಷ ಸರಿ. ಅದರ ಮರುವರ್ಷವೂ ಸರಿ. 2001ರವರೆಗೆ ಸಾಲಾಗಿ ಹದಿನಾಲ್ಕು ವರ್ಷ 'ವಾಡಿಕೆ ಮಳೆ', ಇಲ್ಲವೇ ಅದಕ್ಕಿಂತ ಹೆಚ್ಚು. ದೇಶ ಬೀಗಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಸರಾಸರಿಗಿಂತ ಶೇ. 10ರಷ್ಟು ಆಚೀಚೆ ಆದದ್ದೆಲ್ಲ ವಾಡಿಕೆ ಮಳೆಯೇ. ಹಳೆಯ ದಾಖಲೆ ತೆಗೆದರೆ ಹತ್ತರಲ್ಲಿ ಸುಮಾರು ಏಳು ವರ್ಷ ಆ ಗಡಿಯೊಳಗೇ ಇರುತ್ತವೆ. ಪ್ರತಿವರ್ಷ ಕಣ್ಣುಮುಚ್ಚಿ 'ವಾಡಿಕೆ' ಎಂದವನೂ ಹತ್ತಕ್ಕೆ ಏಳು ಅಂಕ ತೆಗೆಯುತ್ತಾನೆ. ಮಾದರಿಗೆ ನಿಜವಾದ ಪರೀಕ್ಷೆ ಬರದ ವರ್ಷ. ಆ ಹದಿನಾಲ್ಕು ವರ್ಷದಲ್ಲಿ ದೇಶಮಟ್ಟದ ಬರವೇ ಬರಲಿಲ್ಲ.

2002ರಲ್ಲಿ ಬಂತು. ಮುನ್ಸೂಚನೆ ಸರಾಸರಿಯ ಶೇ. 101. ಬಿದ್ದದ್ದು ಶೇ. 81. ಜುಲೈ ಒಂದರಲ್ಲೇ ಸುಮಾರು ಅರ್ಧದಷ್ಟು ಮಳೆ ಮಾಯ. ಮಾದರಿ ಬದಲಾಯಿತು. 2004ರಲ್ಲಿ ಮತ್ತೆ ಶೇ. 100 ಎಂದರು, ಆದದ್ದು 87. 2007ರಲ್ಲಿ ಮತ್ತೊಂದು ಮಾದರಿ. 2009ರ ಏಪ್ರಿಲ್‌ನಲ್ಲಿ 96 ಎಂದರು, ಆದದ್ದು 78. ಮೂರು ಬರ, ಮೂರೂ ಸಲ ಮುನ್ಸೂಚನೆಯ ಲೆಕ್ಕಕ್ಕೆ ಸಿಗಲಿಲ್ಲ. ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2005ರಲ್ಲಿ ಹಳೆಯ ಮುನ್ಸೂಚನೆಗಳನ್ನೆಲ್ಲ ತೆಗೆದು ನೋಡಿದರು. ಗಾಡ್ಗೀಳ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದರೆ ಐಐಎಸ್‌ಸಿಯ, ಹವಾಮಾನ ವಿಜ್ಞಾನಿಯಾಗಿದ್ದರು. 1930ರ ದಶಕದಿಂದ ಈ ಬಗೆಯ ಮಾದರಿಗಳ ಸಾಧನೆ ತೃಪ್ತಿಕರವಾಗಿಲ್ಲ ಎಂದು ಬರೆದರು. ವಿಜ್ಞಾನದ ತಪ್ಪನ್ನು ವಿಜ್ಞಾನಿಗಳೇ ಎಣಿಸಿ, ಅಚ್ಚುಹಾಕಿಸಿ, ಎಲ್ಲರ ಮುಂದಿಟ್ಟರು. ವರ್ಷಫಲದ ಕಡೆಯಿಂದ ಇಂಥ ಲೆಕ್ಕ ಬಂದದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ತೊಡಕು ನಮ್ಮ ರಾಜ್ಯದ್ದೇ. 2001 ಮತ್ತು 2003ರಲ್ಲಿ ದೇಶಕ್ಕೆ ವಾಡಿಕೆ ಮಳೆ. ಆ ಎರಡು ವರ್ಷವೂ ಕರ್ನಾಟಕದಲ್ಲಿ ಬರ. ದೇಶದ ಸರಾಸರಿ ಹಿಡಿದುಕೊಂಡು ಪಾವಗಡದ ಶೇಂಗಾ ರೈತ ಏನು ಮಾಡಬೇಕು? ಅವನಿಗೆ ಬೇಕಾದದ್ದು ಬಿತ್ತನೆಗೆ ಹದ ಯಾವಾಗ, ಕಾಯಿ ಕಟ್ಟುವಾಗ ಎಷ್ಟು ದಿನ ಮಳೆ ಬಿಡುವು ಕೊಡುತ್ತದೆ ಎಂಬುದು.

ಇಷ್ಟಕ್ಕೂ ನಾಲ್ಕು ತಿಂಗಳ ಮಳೆಯನ್ನು ಮೊದಲೇ ಹೇಳಲು ಸಾಧ್ಯವೇ? 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರ್‌ಗೆ 0.506127 ಎನ್ನುವ ಬದಲು 0.506 ಎಂದು ಕೊಟ್ಟರು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಮುಂದಿನ ಹವೆ ಪೂರಾ ಬೇರೆಯಾಗಿ ಹೊರಬಂತು. ಇಂಥ ದಿನ ಇಂಥ ಊರಲ್ಲಿ ಮಳೆ ಎಂದು ಸುಮಾರು ಎರಡು ವಾರದಾಚೆಗೆ ಹೇಳುವ ಆಸೆಯನ್ನು ಅದು ಮುರಿಯಿತು. ಆದರೆ 1981ರಲ್ಲಿ ಚಾರ್ನಿ ಮತ್ತು ಜಗದೀಶ್ ಶುಕ್ಲ ಎಂಬ ಹವಾಮಾನ ವಿಜ್ಞಾನಿಗಳು ಬೇರೊಂದು ಬಾಗಿಲು ತೆರೆದರು. ಉಷ್ಣವಲಯದಲ್ಲಿ ಸಮುದ್ರದ ಬಿಸಿ ನಿಧಾನಕ್ಕೆ ಬದಲಾಗುತ್ತದೆ. ಹಾಗಾಗಿ ದಿನದ ಮಳೆ ಹೇಳಲಾಗದಿದ್ದರೂ ಇಡೀ ಋತುವಿನ ಒಲವು ಹೇಳಬಹುದು ಎಂದರು. 2012ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಾನ್ಸೂನ್ ಮಿಷನ್ ಈ ನಂಬಿಕೆಯ ಮೇಲೇ ನಿಂತಿದೆ. ಸೂಚಕಗಳ ಕೂಡಿಸು-ಕಳೆ ಹಿಂದೆ ಸರಿದು, ಸಮುದ್ರ-ಗಾಳಿ ಎರಡನ್ನೂ ಕಂಪ್ಯೂಟರ್‌ನಲ್ಲಿ ಓಡಿಸುವ ಮಾದರಿಗಳು ಬಂದವು.

ಹತ್ತಿರದ ಭವಿಷ್ಯದಲ್ಲಂತೂ ವಾದಕ್ಕೆ ಜಾಗವೇ ಇಲ್ಲ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಅಲ್ಲಿಗೇ ಫೈಲಿನ್ ಬಂತು. ಮೊದಲೇ ಗೊತ್ತಿದ್ದರಿಂದ ಹತ್ತು ಲಕ್ಷ ಜನರನ್ನು ಜಾಗ ಖಾಲಿ ಮಾಡಿಸಿದರು. ಸತ್ತವರು ನೂರು ದಾಟಲಿಲ್ಲ.

ಋತುವಿನ ಮುನ್ಸೂಚನೆಯೂ ಸುಧಾರಿಸಿದೆ, ಆದರೆ ಅದನ್ನು ಓದುವುದು ನಾವಿನ್ನೂ ಕಲಿತಿಲ್ಲ. 2023ರ ಏಪ್ರಿಲ್‌ನದನ್ನೇ ನೋಡಿ. ಶೇ. 96, ವಾಡಿಕೆ ಮಳೆ ಎಂಬ ಸುದ್ದಿ ಎಲ್ಲರಿಗೂ ಮುಟ್ಟಿತು. ಅದರ ಜೊತೆಗೇ ಇಲಾಖೆ ಒಂದು ಸಣ್ಣ ಕೋಷ್ಟಕ ಕೊಟ್ಟಿತ್ತು. ವಾಡಿಕೆ ಮಳೆಯ (ಈಗ ಅದರ ಗಡಿ ಶೇ. 96ರಿಂದ 104) ಸಾಧ್ಯತೆ ಶೇ. 35. ವಾಡಿಕೆಗಿಂತ ಕಡಿಮೆ ಆಗುವುದಕ್ಕೆ 29. ತೀರಾ ಕೊರತೆಗೆ 22. ಕೊನೆಯ ಎರಡನ್ನು ಕೂಡಿಸಿ: 51. ಕಡಿಮೆ ಮಳೆಯೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಎಂದು ಇಲಾಖೆಯೇ ಬರೆದಿತ್ತು. ದೇಶದಲ್ಲಿ ಆದದ್ದು ಶೇ. 94. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಈಗಲೂ ಪ್ರತಿ ಏಪ್ರಿಲ್ ಆ ಕೋಷ್ಟಕ ಬರುತ್ತದೆ, ತಲೆಬರಹದ ಅಂಕಿಗಿಂತ ಕೆಳಗೆ.