ಅಜ್ಜಿಗೇನೂ ಬೇಡ ಬಿಡಿ ಡಾಕ್ಟ್ರೇ

ಕಳೆದ ಮಳೆಗಾಲದ ಒಂದು ಸೋಮವಾರ. ಕ್ಲಿನಿಕ್ ಬಾಗಿಲು ತೆಗೆಯುವ ಮೊದಲೇ ಒಬ್ಬ ಹುಡುಗ ಜಗುಲಿಯಲ್ಲಿ ಕೂತಿದ್ದ. 26 ವರ್ಷ, ಗಟ್ಟಿಮುಟ್ಟು ಆಳು, ಬೆಂಗಳೂರಿನಲ್ಲಿ ಕೆಲಸ. ರಜೆಗೆ ಊರಿಗೆ ಬಂದು ಹತ್ತು ದಿನವಾಗಿತ್ತು. ಹಿಂದಿನ ರಾತ್ರಿಯಿಂದ ಮೈ ಬಿಸಿ, ಗಂಟಲು ಕೆರೆತ. "ಡಾಕ್ಟ್ರೇ, ಒಂದು ಸ್ಟ್ರಿಪ್ ಫ್ಲೂವಿರ್ ಬರೆದುಕೊಡಿ, ಗುರುವಾರ ಆಫೀಸಿಗೆ ಹೋಗಬೇಕು" ಅಂದ. ಫ್ಲೂವಿರ್ ಅಂದರೆ ಫ್ಲೂ ಜ್ವರದ ಮಾತ್ರೆ, ಔಷಧಿಯ ಹೆಸರು ಒಸೆಲ್ಟಾಮಿವಿರ್. ನೋಡಿದೆ. ಎದೆ ಸ್ವಚ್ಛವಾಗಿತ್ತು, ಆಕ್ಸಿಜನ್ 98. ನಿನಗೆ ಅದು ಬೇಡಪ್ಪ, ಮಲಗು, ನೀರು ಕುಡಿ ಎಂದು ಪ್ಯಾರಾಸಿಟಮಾಲ್ ಬರೆದುಕೊಟ್ಟೆ. ಮುಖ ಊದಿಸಿಕೊಂಡು ಎದ್ದ. ಚಪ್ಪಲಿ ಮೆಟ್ಟುವಾಗ ಒಂದು ಮಾತು ಹೇಳಿದ. "ಮನೇಲಿ ಅಜ್ಜಿಗೂ ಒಂದೆರಡು ದಿನದಿಂದ ಜ್ವರ, ಕೆಮ್ಮು. ಅವರಿಗೇನೂ ಬೇಡ ಬಿಡಿ ಡಾಕ್ಟ್ರೇ, ಕಷಾಯ ಕುಡೀತಿದ್ದಾರೆ."

ಅಜ್ಜಿಗೆ 72. ಶುಗರ್ ಇದೆ. ಚಳಿಗಾಲ ಬಂದರೆ ಉಬ್ಬಸ.

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಬಹಳ ವರ್ಷದಿಂದ ಕೂತಿದ್ದೇನೆ. ಪ್ರತಿ ಸೀಸನ್ನಿನಲ್ಲೂ ಇದೇ ಕಥೆ. ಮಾತ್ರೆ ಬೇಡದವರು ಮೊದಲ ದಿನವೇ ಓಡಿ ಬರುತ್ತಾರೆ. ಬೇಕಾದವರು ಕಂಬಳಿ ಹೊದ್ದು ಮನೆಯಲ್ಲಿ ಮಲಗಿರುತ್ತಾರೆ. ಐದನೇ ದಿನ, ಏದುಸಿರು ಬಿಡುತ್ತಾ, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಉಳಿದದ್ದೆಲ್ಲ ಸಹಿಸಿಕೊಳ್ಳಬಹುದು.

ಮಾತ್ರೆ ಧಾರಾಳವಾಗಿ ಸಿಗುತ್ತಿದ್ದರೆ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. 2009ರಲ್ಲಿ ಎಚ್1ಎನ್1 ಫ್ಲೂ ಬಂದಾಗ, ಅದೇ, ಜನ ಹಂದಿ ಜ್ವರ ಅಂದರಲ್ಲ, ಆಗ ಒಸೆಲ್ಟಾಮಿವಿರ್ ಸರ್ಕಾರಿ ಆಸ್ಪತ್ರೆ ಬಿಟ್ಟು ಹೊರಗೆ ಸಿಗುವುದೇ ಕಷ್ಟವಿತ್ತು. ಆಮೇಲೂ ಅದು ವರ್ಷಗಟ್ಟಲೆ ಶೆಡ್ಯೂಲ್ ಎಕ್ಸ್‌ನಲ್ಲಿ ಇತ್ತು. ಅಂದರೆ ವಿಶೇಷ ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಮಾತ್ರ ಮಾರಾಟ. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನರಿಗೆ ಎಚ್1ಎನ್1 ಬಂದು, ಹತ್ತಿರ ಹತ್ತಿರ 3 ಸಾವಿರ ಜನ ತೀರಿಕೊಂಡರು. ಆಗಲೂ ಹಾಗೇ ಇತ್ತು. 2017ರಲ್ಲಿ ಅದನ್ನು ಶೆಡ್ಯೂಲ್ ಎಚ್1ಗೆ ಇಳಿಸಿದರು. ಈಗ ಡಾಕ್ಟರ ಚೀಟಿ ಇದ್ದರೆ ಯಾವ ಮೆಡಿಕಲ್ ಶಾಪಿನಲ್ಲೂ ಕೊಡಬಹುದು, ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡರೆ ಆಯಿತು.

ಕೊಡಬಹುದು ನಿಜ, ಇಟ್ಟಿರಬೇಕಲ್ಲ? ವರ್ಷದ ಮುಕ್ಕಾಲು ಭಾಗ ಖರ್ಚಾಗದ ಮಾತ್ರೆಯನ್ನು ಸಣ್ಣ ಊರಿನ ಅಂಗಡಿಯವರು ಯಾಕೆ ತುಂಬಿಡುತ್ತಾರೆ? ನಮ್ಮೂರಲ್ಲಿ ಮೂರೋ ನಾಲ್ಕೋ ಸ್ಟ್ರಿಪ್ ಇರುತ್ತದೆ. ಫ್ಲೂ ಶುರುವಾದ ವಾರದಲ್ಲೇ ಅದು ಖಾಲಿ. ಯಾರ ಮನೆಗೆ ಹೋಯಿತು ಅಂತ ನೋಡಿದರೆ, "ಇರಲಿ, ಮುಂದೆ ಬೇಕಾಗಬಹುದು" ಎಂದು ಕಾರಿನಲ್ಲಿ ಬಂದು ಎರಡೆರಡು ಒಯ್ದವರ ಮನೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಬಸ್ ದಿನಕ್ಕೆರಡು ಬರುವ ಹಳ್ಳಿಯವರಿಗೆ ಅಲ್ಲಿಗೆ ಹೋಗಿ ಬರುವುದೇ ಒಂದು ದಿನದ ಕೆಲಸ. ಈ ಔಷಧಿಗೆ ಒಂದು ದಿನ ಅಂದರೆ ತುಂಬಾ ದೊಡ್ಡದು.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ಯಾರಿಗೂ ತಲೆಗೆ ಹೋಗುವುದಿಲ್ಲ.

ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೀರಿ, ಅಲ್ವಾ? ಇಲ್ಲದಿದ್ದರೆ ಮೇಣ ಅಂಟಿ ಕೈ ಬಿಡಿಸುವುದೇ ಕಷ್ಟ. ಫ್ಲೂ ವೈರಸ್ಸಿನ ಪಾಡೂ ಅದೇ. ಅದು ನಮ್ಮ ಮೂಗು, ಗಂಟಲು, ಶ್ವಾಸನಾಳದ ಜೀವಕೋಶದೊಳಗೆ ಹೊಕ್ಕು ಮರಿ ಹಾಕುತ್ತದೆ. ಹೊರಗೆ ಬಂದ ಮರಿಗಳು ಕೋಶದ ಮೈಗೆ ಅಂಟಿಕೊಂಡಿರುತ್ತವೆ. ಬಿಡಿಸಿಕೊಂಡು ಮುಂದಿನ ಕೋಶಕ್ಕೆ ಹೋಗಲು ಅವುಗಳ ಹತ್ತಿರ ನ್ಯೂರಾಮಿನಿಡೇಸ್ ಎಂಬ ಕಿಣ್ವ ಇದೆ. ಅದೇ ಅವುಗಳ ಎಣ್ಣೆ. ಒಸೆಲ್ಟಾಮಿವಿರ್ ಮಾಡುವುದು ಇಷ್ಟೇ: ಆ ಎಣ್ಣೆಯನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಮರಿಗಳು ಅಂಟಿಕೊಂಡಲ್ಲೇ ಉಳಿಯುತ್ತವೆ. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ಹರಡುವುದನ್ನು ತಡೆಯುತ್ತದೆ.

ಹಾಗಿದ್ದರೆ ಹರಡುವ ಕೆಲಸ ನಡೆಯುತ್ತಿರುವಾಗಲೇ ಮಾತ್ರೆ ಒಳಗೆ ಹೋಗಬೇಕು. ವೈರಸ್ ಅತಿ ಜೋರಾಗಿ ಹೆಚ್ಚುವುದು ಮೊದಲ ಎರಡು ಮೂರು ದಿನ. ಅದಕ್ಕೇ 48 ಗಂಟೆಯೊಳಗೆ ಶುರುಮಾಡಬೇಕು ಅನ್ನುವ ಲೆಕ್ಕ. ಆ ಗಡಿಯಾರ ಶುರುವಾಗುವುದು ಮೊದಲ ಸಲ ಚಳಿ ಹತ್ತಿ ಮೈಕೈ ನೋವು ಬಂದ ಹೊತ್ತಿನಿಂದ. ನನ್ನ ಕ್ಲಿನಿಕ್ಕಿಗೆ ಬಂದ ಹೊತ್ತಿನಿಂದ ಅಲ್ಲ. ಇನ್ನೊಬ್ಬರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡು "ಕಮ್ಮಿ ಆಗ್ಲಿಲ್ಲ" ಅನಿಸಿದ ಹೊತ್ತಿನಿಂದಲೂ ಅಲ್ಲ. ಗಂಟಲ ದ್ರವದ ರಿಪೋರ್ಟ್ ಬಂದ ಹೊತ್ತಿನಿಂದ ಅಂತೂ ಅಲ್ಲವೇ ಅಲ್ಲ. ಅಪಾಯದ ಗುಂಪಿನವರಿಗೆ ರಿಪೋರ್ಟ್ ಕಾಯದೆ, ಲಕ್ಷಣ ನೋಡಿಯೇ ಶುರುಮಾಡಬಹುದು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಎಷ್ಟು ದಿನವಾಯಿತು ಅಂತ ಕೇಳಿದರೆ "ಒಂದೆರಡು ದಿನ" ಅನ್ನುತ್ತಾರೆ. ನಮ್ಮ ಕಡೆ ಒಂದೆರಡು ಅಂದರೆ ಒಂದರಿಂದ ಆರರವರೆಗೆ ಎಷ್ಟೂ ಆಗಬಹುದು. ಅದಕ್ಕೆ ನಾನು ದಿನ ಕೇಳುವುದನ್ನೇ ಬಿಟ್ಟಿದ್ದೇನೆ. "ಸಂತೆಗೆ ಹೋಗಿದ್ರಾ? ಆಗ ಜ್ವರ ಇತ್ತಾ?" ಎಂದು ಕೇಳುತ್ತೇನೆ. ಸಂತೆ ಯಾರಿಗೂ ಮರೆಯುವುದಿಲ್ಲ. ಫ್ಲೂ ನೆಗಡಿಯ ಹಾಗೆ ಮೆಲ್ಲಗೆ ಬರುವುದೂ ಅಲ್ಲ. "ಹಾಲು ಕರೆದು ಏಳುವಾಗ ಚಳಿ ಹತ್ತಿತು" ಎಂದು ಹೊತ್ತು ಹಿಡಿದು ಹೇಳುವಷ್ಟು ದಿಢೀರನೆ ಬರುತ್ತದೆ. ಆ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಒಂದು ಗೀಟು ಹಾಕಿ ಗುರುತು ಮಾಡಿದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ.

ಯಾರು ಗಂಟೆ ಎಣಿಸಬೇಕು? 65 ದಾಟಿದವರು. ಬಸುರಿಯರು. 5 ವರ್ಷದೊಳಗಿನ ಮಕ್ಕಳು. ಶುಗರ್, ಉಬ್ಬಸ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು. ಬಸುರಿಯರ ವಿಷಯದಲ್ಲಿ ಅತ್ತೆಯಂದಿರಿಗೆ ಒಂದು ಮಾತು. "ಬಸುರಿಗೆ ಮಾತ್ರೆ ಕೊಡಬಾರದು" ಎಂದು ನೀವು ತಡೆಯುವುದು ಪ್ರೀತಿಯಿಂದಲೇ, ಗೊತ್ತು. ಆದರೆ ಬಸುರಿಯಲ್ಲಿ ಫ್ಲೂ ಶ್ವಾಸಕೋಶಕ್ಕೆ ಇಳಿದರೆ ಅದರಷ್ಟು ಅಪಾಯ ಈ ಮಾತ್ರೆಯಲ್ಲಿ ಇಲ್ಲ. ಡಾಕ್ಟರು ಬರೆದಿದ್ದರೆ ಕೊಡಿ.

ಇನ್ನು ಗಟ್ಟಿಮುಟ್ಟಾದವರಿಗೆ ಸುಮ್ನೆ ಯಾಕೆ ಬರೆಯುವುದಿಲ್ಲ ಅಂದರೆ, ಅವರಲ್ಲಿ ಇದು ಜ್ವರದ ಕಾಲವನ್ನು ಹೆಚ್ಚು ಕಡಿಮೆ ಒಂದು ದಿನ ಇಳಿಸುತ್ತದೆ, ಅಷ್ಟೇ. ಜೊತೆಗೆ ಕೆಲವರಿಗೆ ಹೊಟ್ಟೆ ತೊಳೆಸಿ ವಾಂತಿ. ಊಟದ ಜೊತೆ ತಗೊಂಡರೆ ಅದು ಸ್ವಲ್ಪ ಕಡಿಮೆ. ಜ್ವರ ತೀರಾ ಜೋರಾಗಿದ್ದರೆ ಅವರಿಗೂ ಬರೆಯುವುದುಂಟು, ಅದು ನೋಡಿ ತೀರ್ಮಾನಿಸುವ ಮಾತು.

ಒಂದು ಸ್ಟ್ರಿಪ್ಪಿನಲ್ಲಿ 10 ಕ್ಯಾಪ್ಸೂಲ್. ದೊಡ್ಡವರಿಗೆ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಲೆಕ್ಕ ಸರಿಯಾಯಿತಾ? ಒಂದು ಸ್ಟ್ರಿಪ್ ಒಬ್ಬರಿಗೆ. ಎರಡು ವರ್ಷದ ಹಿಂದೆ ಒಂದು ಗಂಡ ಹೆಂಡತಿ ಐದೈದು ಹಂಚಿಕೊಂಡು ನುಂಗಿದ್ದರು. "ಸುಖ ದುಃಖ ಎಲ್ಲ ಅರ್ಧರ್ಧ ಡಾಕ್ಟ್ರೇ" ಅಂದರು ಯಜಮಾನರು. ನಗು ತಡೆಯಲಾಗಲಿಲ್ಲ, ಬೈಯಲೂ ಆಗಲಿಲ್ಲ. ಇಬ್ಬರಿಗೂ ಅರೆಬರೆ ಆಯಿತು. ಮಕ್ಕಳಿಗೆ ತೂಕ ನೋಡಿ ಡೋಸ್. ಸಿರಪ್ ಸಿಗದಿದ್ದಾಗ ಕ್ಯಾಪ್ಸೂಲ್ ಬಿಚ್ಚಿ ಸಿಹಿ ಪಾಕದಲ್ಲಿ ಕಲಸಿ ಕೊಡುವ ದಾರಿ ಇದೆ, ಆದರೆ ಅಳತೆಯನ್ನು ನಿಮ್ಮ ಡಾಕ್ಟರೇ ಹೇಳಬೇಕು, ಅಂದಾಜಿನಲ್ಲಿ ಬೇಡ. ಕಿಡ್ನಿ ತೊಂದರೆ ಇದ್ದವರಿಗೂ ಡೋಸ್ ಬೇರೆ.

ಮಾತ್ರೆ ಸಿಗದಾಗ ಜನ ಏನೇನೋ ಮಾಡುತ್ತಾರೆ. 2009ರಲ್ಲಿ, ಆ ಮಾತ್ರೆಯ ಮೂಲವಸ್ತು ಪಲಾವಿಗೆ ಹಾಕುವ ಅನಾನಸ್ ಹೂವಿನಿಂದ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಸುದ್ದಿ ಸುಳ್ಳಲ್ಲ. ಅದರಲ್ಲಿರುವ ಶಿಕಿಮಿಕ್ ಆಮ್ಲದಿಂದ ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ಔಷಧಿ ಮಾಡುತ್ತಿದ್ದರು. ಆದರೆ ಹೂ ಕುದಿಸಿ ಕುಡಿದರೆ ಔಷಧಿ ಆಗುವುದಿಲ್ಲ, ಹತ್ತಿ ಅಗಿದರೆ ಅಂಗಿ ಆಗುತ್ತದೆಯೇ? ನಮ್ಮ ಪಕ್ಕದ ಬೀದಿಯವರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನಾನಸ್ ಹೂ ಅಂತ ತಿಳಿದು ವಾರವಿಡೀ ಮರಾಠಿ ಮೊಗ್ಗು ಕುದಿಸಿ ಕುಡಿದಿದ್ದರು. ಜ್ವರ ಹೋಯಿತು. ಫ್ಲೂ ಜ್ವರ ಬಹುತೇಕರಿಗೆ ಹೇಗೂ ಹೋಗುತ್ತದೆ.

ಕಷಾಯದ ಮೇಲೆ ನನಗೆ ಜಗಳವಿಲ್ಲ. ಗಂಟಲಿಗೆ ಹಿತ, ನೀರೂ ಒಳಗೆ ಹೋಗುತ್ತದೆ. ಜಗಳ ಇರುವುದು ಮೆಡಿಕಲ್‌ನಿಂದ ಚೀಟಿ ಇಲ್ಲದೆ ತರುವ ಮೂರು ದಿನದ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಮೇಲೆ. 2023ರ ಮಾರ್ಚ್‌ನಲ್ಲಿ, ಎಚ್3ಎನ್2 ಎಂಬ ಇನ್ನೊಂದು ಬಗೆಯ ಫ್ಲೂ ಜೋರಾಗಿದ್ದಾಗ, ಭಾರತೀಯ ವೈದ್ಯಕೀಯ ಸಂಘವೇ ಇದನ್ನು ನಿಲ್ಲಿಸಿ ಎಂದು ಪ್ರಕಟಣೆ ಹೊರಡಿಸಿತ್ತು. ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಅದಕ್ಕಿಂತ ನಷ್ಟ ಬೇರೆ ಇದೆ: ಅದನ್ನು ನುಂಗಿ "ನೋಡೋಣ" ಎಂದು ಕೂತ ಮೂರು ದಿನದಲ್ಲಿ 48 ಗಂಟೆ ಕಳೆದುಹೋಗಿರುತ್ತದೆ. ಮೈಕೈ ನೋವಿಗೆ ಡೈಕ್ಲೋಫಿನಾಕ್ ಕೂಡ ಬೇಡ. ನಮ್ಮ ಕಡೆ ಅದೇ ಹೊತ್ತಿಗೆ ಡೆಂಗಿ ಇರುತ್ತದೆ, ಬೇಸಿಗೆಯತ್ತ ಹೋದರೆ ಕಾಡಂಚಿನಲ್ಲಿ ಮಂಗನ ಕಾಯಿಲೆ. ಈ ಜ್ವರಗಳಲ್ಲಿ ಅಂಥ ನೋವಿನ ಮಾತ್ರೆ ರಕ್ತಸ್ರಾವಕ್ಕೆ ದಾರಿಯಾಗಬಹುದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಕೋವಿಡ್ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಶೆಲ್ ಸೋರಿ ಬಿದ್ದಿದೆ. ಹೊಸ ಶೆಲ್ ಹಾಕಿ ಇಡಿ. 94ಕ್ಕಿಂತ ಕೆಳಗೆ ಬಂದರೆ, ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ ಕಂಡರೆ, ಮಗು ಹಾಲು ಬಿಟ್ಟರೆ ನನ್ನ ಕ್ಲಿನಿಕ್ಕಿಗೂ ಬರಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಜ್ವರ ಬಿಟ್ಟು ಎರಡು ದಿನವಾದ ಮೇಲೆ ಮತ್ತೆ ಏರಿದರೂ ಹಾಗೇ. ಅದು ಹೆಚ್ಚಾಗಿ ನ್ಯುಮೋನಿಯಾದ ಸೂಚನೆ.

ಆ ಹುಡುಗನನ್ನು ವಾಪಸ್ ಕಳಿಸಿ ಅಜ್ಜಿಯನ್ನು ಕರೆಸಿದೆ. ಸಂತೆ ಲೆಕ್ಕ ಹಾಕಿದರೆ ಜ್ವರ ಬಂದದ್ದು ಗುರುವಾರ. ಆಕ್ಸಿಜನ್ 89. ಜಿಲ್ಲಾಸ್ಪತ್ರೆಗೆ ಕಳಿಸಿದೆವು. 48 ಗಂಟೆ ದಾಟಿದ್ದರೂ ಅಲ್ಲಿ ಒಸೆಲ್ಟಾಮಿವಿರ್ ಕೊಟ್ಟರು. ಕಾಯಿಲೆ ಬಿಗಡಾಯಿಸಿದವರಿಗೆ ತಡವಾದರೂ ಕೊಡುವುದು ಪದ್ಧತಿ, ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆಕ್ಸಿಜನ್, ಆಂಟಿಬಯೋಟಿಕ್ ಎಲ್ಲ ಬೇಕಾಯಿತು. ಯಾವುದರಿಂದ ಉಳಿದರು ಎಂದು ನಾನು ಹೇಳಲಾರೆ. 9 ದಿನಕ್ಕೆ ಮನೆಗೆ ಬಂದರು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಮೊಮ್ಮಗ ಅವರನ್ನು ಫ್ಲೂ ಲಸಿಕೆಗೆ ಕರೆತಂದ. ಅದು ಸರ್ಕಾರದ ಮಾಮೂಲಿ ಲಸಿಕೆ ಪಟ್ಟಿಯಲ್ಲಿಲ್ಲ, ಕೈಯಿಂದ ದುಡ್ಡು ಕೊಡಬೇಕು, ಪ್ರತಿ ವರ್ಷ ಹಾಕಿಸಬೇಕು, ರಕ್ಷಣೆ ಹುಟ್ಟಲು ಎರಡು ವಾರ ಬೇಕು. ಇದನ್ನೆಲ್ಲ ಹೇಳಿದೆ.

"ಇದು ಹಾಕಿಸ್ಕೊಂಡ್ರೆ ಜ್ವರವೇ ಬರಲ್ವಾ?" ಅಂದರು ಅಜ್ಜಿ.

"ಬರಬಹುದು ಅಜ್ಜಿ. ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ."

"ಹಂಗಾದ್ರೆ ಇವನಿಗೂ ಒಂದು ಹಾಕಿ. ಹೋದ ಸಲ ಇವನೇ ಅಲ್ವಾ ನಂಗೆ ಅಂಟಿಸಿದ್ದು."

ದಿನ ಎಣಿಸಿದರೆ ಅಜ್ಜಿಯಿಂದಲೇ ಅವನಿಗೆ ಬಂದದ್ದು. ಹುಡುಗ ನನ್ನ ಮುಖ ನೋಡಿದ. ನಾನು ಮಾತಾಡದೆ ಎರಡನೇ ಸಿರಿಂಜ್ ತೆಗೆದೆ.