ಗಂಟೆಗೊಂದು ಅಂಕಿ ಕಳಿಸುವ ಸೆನ್ಸರ್‌ಗೆ ಬ್ಯಾಟರಿ ಯಾಕೆ ಸಾಲುತ್ತಿಲ್ಲ?

ಪ್ರಶ್ನೆ: ತೋಟದಲ್ಲಿ ಮಣ್ಣಿನ ತೇವ ಅಳೆಯಲು ವೈರ್‌ಲೆಸ್ ಸೆನ್ಸರ್‌ಗಳನ್ನು ಇಟ್ಟಿದ್ದೇನೆ. ಗಂಟೆಗೊಮ್ಮೆ ಒಂದು ಅಂಕಿ ಕಳಿಸುತ್ತವೆ, ಅಷ್ಟೇ. ಆದರೂ ಎರಡು ಎಎ ಸೆಲ್ ವಾರ ಬರುವುದಿಲ್ಲ. ಯಾಕೆ?

ಉತ್ತರ: ಸೆಲ್ ತಿನ್ನುತ್ತಿರುವುದು ಬಹುಶಃ ರೇಡಿಯೊ. ಅದೂ ಕಳಿಸುವಾಗ ಅಲ್ಲ, ಸುಮ್ನೆ ಕಿವಿ ತೆರೆದು ಕೂತಿರುವಾಗ.

ಕಳಿಸುವುದಕ್ಕೇ ಜಾಸ್ತಿ ಕರೆಂಟ್ ಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಇಂಥ ಸೆನ್ಸರ್‌ಗಳಲ್ಲಿ ತುಂಬಾ ಬಳಕೆಯಾದ ಸಿಸಿ2420 ರೇಡಿಯೊ ಚಿಪ್ ನೋಡಿ. ಪೂರ್ತಿ ಬಲದಲ್ಲಿ ಕಳಿಸುವಾಗ 17.4 ಮಿಲಿಆಂಪಿಯರ್, ಕೇಳಿಸಿಕೊಳ್ಳುವಾಗ 18.8. ಯಾರೂ ಮಾತಾಡದಿದ್ದರೂ ಕೇಳುವ ಖರ್ಚು ಅಷ್ಟೇ. 2500 ಮಿಲಿಆಂಪಿಯರ್-ಅವರ್ ಸೆಲ್ ಹಾಕಿ ರೇಡಿಯೊ ಸದಾ ಎಚ್ಚರವಿಟ್ಟರೆ ಸುಮಾರು 133 ಗಂಟೆ, ಅಂದರೆ ಐದೂವರೆ ದಿನ. ನಿಮ್ಮ ಲೆಕ್ಕಕ್ಕೆ ಹತ್ತಿರವೇ ಬಂತು. ಅದೇ ರೇಡಿಯೊ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎದ್ದಿದ್ದರೆ, ಲೆಕ್ಕದಲ್ಲಿ ವರ್ಷ ದಾಟುತ್ತದೆ.

ಹಾಗಾದರೆ ತನ್ನ ಮಾಹಿತಿಯನ್ನು ಮುಂದೆ ದಾಟಿಸು ಅಂತ ಪಕ್ಕದ ಸೆನ್ಸರ್ ಕರೆದರೆ, ಮಲಗಿರುವ ಸೆನ್ಸರ್‌ಗೆ ಅದು ಕೇಳುವುದು ಹೇಗೆ? ನನಗೆ ತುಂಬಾ ಇಷ್ಟವಾದ ಉಪಾಯ ಇದು: ಪ್ರತಿ ಸೆನ್ಸರ್ ಸೆಕೆಂಡಿಗೊಮ್ಮೆ ಎದ್ದು, ಕೆಲವೇ ಮಿಲಿಸೆಕೆಂಡು ಗಾಳಿಯಲ್ಲಿ ಸಿಗ್ನಲ್ ಇದೆಯಾ ನೋಡಿ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಕಳಿಸುವವನು ಆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಕೂಗುತ್ತಲೇ ಇರಬೇಕು. ಕಳಿಸುವವನಿಗೆ ಖರ್ಚು ಹೆಚ್ಚು, ನಿಜ. ಆದರೆ ಗಂಟೆಗೊಮ್ಮೆ ಕಳಿಸುವವರಿಗೆ ಇದು ಲಾಭವೇ. ರೇಡಿಯೊ ಯಾವಾಗ ಏಳಬೇಕು, ಯಾವಾಗ ಕಳಿಸಬೇಕು ಅಂತ ಹೇಳುವ, 2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬಿ-ಮ್ಯಾಕ್ ಎಂಬ ನಿಯಮಾವಳಿ ಇದೇ ದಾರಿ ಹಿಡಿಯಿತು.

ಅಲ್ಲಿಯವರು 2002ರಲ್ಲೇ ಅಮೆರಿಕದ ಮೇನ್ ತೀರದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲದೊಳಗೆ ಸೆನ್ಸರ್ ಇಟ್ಟಿದ್ದರು. ಸೆಲ್ ಬದಲಿಸಲು ಪದೇ ಪದೇ ಹೋದರೆ ಮೊಟ್ಟೆ ಮೇಲೆ ಕೂತ ಹಕ್ಕಿಗೆ ತೊಂದರೆ. ಹಾಗಾಗಿ ಒಂಬತ್ತು ತಿಂಗಳು ಬಾಳಬೇಕು ಅನ್ನುವುದೇ ಗುರಿಯಾಗಿತ್ತು.

ಇನ್ನೊಂದು ವಿಷಯ. ಎಲ್ಲ ಸೆನ್ಸರ್‌ಗಳ ಮಾಹಿತಿ ಬಂದು ಸೇರುವ ಗೇಟ್‌ವೇ ಪೆಟ್ಟಿಗೆಯ ಹತ್ತಿರದ ಸೆನ್ಸರ್‌ಗಳೇ ಮೊದಲು ಸಾಯುತ್ತಿವೆಯಾ? ದೂರದವುಗಳ ಮಾಹಿತಿಯೂ ಅವುಗಳ ಮೂಲಕವೇ ಹೋಗುತ್ತಿರಬಹುದು. ಅಲ್ಲಿ ಎರಡು ಸೆನ್ಸರ್ ಹೆಚ್ಚಿಗೆ ಇಟ್ಟು ಹೊರೆ ಹಂಚಿ. ತೇವ ಬದಲಾದಾಗ ಮಾತ್ರ ಕಳಿಸುವಂತೆ ಮಾಡಿದರೆ ಎಲ್ಲರ ಹೊರೆಯೂ ಇಳಿಯುತ್ತದೆ.

ಹೊಸ ಸೆಲ್ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ತನ್ನಿ. ಸೆಲ್ ಮತ್ತು ಬೋರ್ಡ್ ನಡುವೆ ಅದನ್ನು ಮಿಲಿಆಂಪಿಯರ್ ರೇಂಜಲ್ಲಿ ಜೋಡಿಸಿ, ಸೆನ್ಸರ್ ಏನೂ ಕಳಿಸದ ಹೊತ್ತಲ್ಲಿ ನೋಡಿ. ಮುಳ್ಳು ಸೊನ್ನೆ ಹತ್ತಿರವಿದ್ದರೆ ರೇಡಿಯೊ ಮಲಗಿದೆ. ಇಪ್ಪತ್ತರ ಸುತ್ತ ನಿಂತೇ ಇದ್ದರೆ ಅದು ಮಲಗಿಯೇ ಇಲ್ಲ.